ಗುಂಡಿ ಕಿತ್ತವನು, ಬಾಗಿಲು ತೆರೆಯದವನು

ಹೆಗಲ ಮೇಲೆ ಪೈನ್ ಮರದ ಹಾಯಿಕಂಬ. ಮುಂದೆ ಸಾಲು ಹೆಗಲು, ಹಿಂದೆ ಸಾಲು ಹೆಗಲು, ನಡುವೆ ನಿಮ್ಮದು. ಕಾಲಡಿ ಜೌಗು, ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತದೆ. ಫಿದ್ ಗಾವ್ಲೆ ಕಾಡಿನಲ್ಲಿ ಕಡಿದ ಮೂರು ಕಂಬಗಳನ್ನು ಲೆನ್ಸ್ಟರ್ ಸೀಮೆಯ ಮೂರು ಪಂಗಡದವರು ಒಂದೊಂದಾಗಿ ಹೊತ್ತು ಪಡುವಣದ ಕಿಂಕೋರಾಕ್ಕೆ ಸಾಗಿಸುತ್ತಿದ್ದಾರೆ. ಅಲ್ಲಿ, ಶಾನನ್ ನದಿಯ ದಂಡೆಯಲ್ಲಿ, ಐರ್ಲೆಂಡಿನ ದೊಡ್ಡರಸ ಬ್ರಿಯನ್ ಬೊರು ಇದ್ದಾನೆ. ಕಂಬಗಳು ಅವನಿಗೆ.

ನೀವು ನೇಸ್ ಕಡೆಯವರು, ಉಈ ಫೇಲಾನ್ ಪಂಗಡ. ಇಂದು ಡಬ್ಲಿನ್ನಿನಿಂದ ನೈಋತ್ಯಕ್ಕೆ ಮೂವತ್ತು ಕಿಲೋಮೀಟರ್ ದಾಟಿದರೆ ನೇಸ್ ಪಟ್ಟಣ ಸಿಗುತ್ತದೆ. ಪೇಟೆಬೀದಿಯ ಪಕ್ಕದಲ್ಲಿ ನಾರ್ತ್ ಮೋಟ್ ಎಂಬ ಮಣ್ಣುದಿಬ್ಬವಿದೆ. ಲೆನ್ಸ್ಟರ್ ಅರಸರ ಹಳೆಯ ಕೋಟೆ ಇದ್ದದ್ದು ಅಲ್ಲೇ ಎಂದು ಊರಿನವರು ಹೇಳುತ್ತಾರೆ. ನಿಮ್ಮ ಕಾಲಕ್ಕೆ, ಅಂದರೆ 1013ರ ಯುದ್ಧಗಳು ಶುರುವಾಗುವ ಮುಂಚೆ, ಆ ವಂಶದ ಅರಸ ಮೇಲ್‌ಮೋರ್ಡ. ಅವನೂ ಈ ಮೆರವಣಿಗೆಯಲ್ಲಿದ್ದಾನೆ. ಮೈಮೇಲೆ ಬಂಗಾರದ ಅಂಚಿನ ರೇಷ್ಮೆಯ ನಿಲುವಂಗಿ, ಅದಕ್ಕೆ ಬೆಳ್ಳಿಯ ಗುಂಡಿ. ಉಡುಗೊರೆ ಕೊಟ್ಟವನು ಬ್ರಿಯನ್ನೇ.

ಜೌಗಿನ ಏರಿನಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಯಾರ ಕಂಬ ಮುಂದೆ ಹೋಗಬೇಕು? ಮೂರು ಪಂಗಡ, ಮೂರು ಮರ್ಯಾದೆ. ನಮ್ಮೂರ ತೇರಿನ ಹಗ್ಗಕ್ಕೆ ಮೊದಲು ಕೈಹಾಕುವವರು ಯಾರೆಂಬ ತಕರಾರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್‌ಮೋರ್ಡ ಹಿಂದುಮುಂದು ನೋಡದೆ ಬಂದು ನಿಮ್ಮ ಕಂಬಕ್ಕೆ ತಾನೇ ಹೆಗಲು ಕೊಡುತ್ತಾನೆ. ಅರಸ ನಿಮ್ಮ ಪಕ್ಕದಲ್ಲೇ ಏದುಸಿರು ಬಿಡುತ್ತಿದ್ದಾನೆ. ಮೈ ಬಿಗಿದ ರಭಸಕ್ಕೆ ಬೆಳ್ಳಿಯ ಗುಂಡಿಯೊಂದು ಕಿತ್ತು ಬರುತ್ತದೆ. ಕಂಬ ಏರು ಹತ್ತುತ್ತದೆ. ನೀವು ನಗುತ್ತೀರಿ, ಅವನೂ ನಗುತ್ತಾನೆ.

ಕಿಂಕೋರಾ ತಲುಪಿದ ಮೇಲೆ ಅವನು ನಿಲುವಂಗಿಯನ್ನು ತಂಗಿಯ ಕೈಗೆ ಕೊಟ್ಟು ಗುಂಡಿ ಹೊಲಿದುಕೊಡು ಎನ್ನುತ್ತಾನೆ. ಅವಳು ಗೋರ್ಮ್ಲ, ನೇಸ್ ಅರಸುಮನೆತನದ ಮಗಳು, ಈಗ ಬ್ರಿಯನ್ನನ ಹೆಂಡತಿ. ಅವಳು ಸೂಜಿ ತೆಗೆದುಕೊಳ್ಳುವುದಿಲ್ಲ. ನಿಲುವಂಗಿಯನ್ನೇ ಎತ್ತಿ ಒಲೆಯ ಬೆಂಕಿಗೆ ಎಸೆಯುತ್ತಾಳೆ. ಅಪ್ಪ, ಅಜ್ಜ ಯಾರ ಮುಂದೆಯೂ ಬಗ್ಗಿಸದ ಬೆನ್ನನ್ನು ನೀನು ಬಗ್ಗಿಸಿದೆ, ಇನ್ನು ನಿನ್ನ ಮಗನೂ ಇವರ ಮಗನಿಗೆ ಬಗ್ಗಬೇಕು ಎಂದು ಚುಚ್ಚುತ್ತಾಳೆ. ರೇಷ್ಮೆ ಸುಟ್ಟ ವಾಸನೆ ಕೂದಲು ಸುಟ್ಟ ವಾಸನೆಯೇ. ಮೇಲ್‌ಮೋರ್ಡ ಆ ರಾತ್ರಿ ಏನೂ ಮಾಡುವುದಿಲ್ಲ.

ಮರುದಿನ ಬ್ರಿಯನ್ನನ ಮಗ ಮರೋ ಚದುರಂಗಕ್ಕೆ ಕುಳಿತಿದ್ದಾನೆ, ಎದುರಿಗೆ ದಾಯಾದಿ ಕೊನಾಂಗ್. ಪಕ್ಕದಲ್ಲಿ ನಿಂತ ಮೇಲ್‌ಮೋರ್ಡ ಕೊನಾಂಗನಿಗೆ ಒಂದು ನಡೆ ಹೇಳಿಕೊಡುತ್ತಾನೆ. ಮರೋ ಆಟ ಸೋಲುತ್ತಾನೆ. ತಿರುಗಿ ನೋಡಿದ ಮರೋ ಎತ್ತುವುದು ಹಳೆಯ ಗಾಯವನ್ನು: ಗ್ಲೆನ್‌ಮಾಮ ಕಾಳಗದಲ್ಲೂ ಡಬ್ಲಿನ್ನಿನವರಿಗೆ ಸೋಲುವ ಸಲಹೆ ಕೊಟ್ಟವನು ನೀನೇ ತಾನೆ ಎಂದು. ಮತ್ತೊಮ್ಮೆ ಕೊಡುತ್ತೇನೆ, ಈ ಸಲ ಸೋಲುವುದಿಲ್ಲ ಎಂಬ ಉತ್ತರ ಹೋಗುತ್ತದೆ. ಹಾಗಾದರೆ ಯೂ ಮರವನ್ನು ಸಿದ್ಧಮಾಡಿಟ್ಟುಕೋ ಎನ್ನುತ್ತಾನೆ ಮರೋ. ಕೋಣೆಯಲ್ಲಿದ್ದವರಿಗೆಲ್ಲ ಗೊತ್ತು: 999ರಲ್ಲಿ ಸೋತು ಓಡಿದ ಮೇಲ್‌ಮೋರ್ಡ ಯೂ ಮರವೊಂದರಲ್ಲಿ ಅಡಗಿದ್ದ. ಅವನನ್ನು ಅದರಿಂದ ಹೊರಗೆಳೆದವನು ಮರೋ.

ಇಷ್ಟಕ್ಕೆ ಮುಗಿಯಿತು. ಅಪ್ಪಣೆ ಕೇಳದೆ, ಹೇಳದೆ ನಿಮ್ಮ ಅರಸ ಕುದುರೆ ಹತ್ತುತ್ತಾನೆ. ಸಮಾಧಾನ ಮಾಡಿ ಕರೆತರಲು ಬ್ರಿಯನ್ ಕಳುಹಿಸಿದ ಆಳು ಕಿಲ್ಲಲೂ ಸೇತುವೆಯ ಬಳಿ ಬಂದು ಮಾತಾಡಿಸಿದಾಗ ಮೇಲ್‌ಮೋರ್ಡ ಕೈಯಲ್ಲಿದ್ದ ಕೋಲಿನಿಂದ ಅವನ ತಲೆಬುರುಡೆಗೇ ಹೊಡೆಯುತ್ತಾನೆ. ನಿಮ್ಮ ಮುಂದೆ ನೇಸ್ ತನಕ ಉದ್ದದ ದಾರಿ. ಯಾರೂ ಮಾತಾಡುವುದಿಲ್ಲ.

ಗುಂಡಿ, ಚದುರಂಗ, ಯೂ ಮರದ ಕಥೆಯನ್ನೆಲ್ಲ ಹೇಳುವುದು 'ಕೊಗಾದ್ ಗೇದೆಲ್ ರೆ ಗಾಲೈವ್' ಎಂಬ ಐರಿಷ್ ಕಥನ. 12ನೆಯ ಶತಮಾನದ ಆರಂಭದಲ್ಲಿ, ಬ್ರಿಯನ್ನನ ಮರಿಮೊಮ್ಮಗನ ಆಳ್ವಿಕೆಯ ಆಸುಪಾಸು, ಅವನ ವಂಶವನ್ನು ಹೊಗಳಲೆಂದೇ ಹುಟ್ಟಿದ ಕೃತಿ. ಹಾಗಾಗಿ ಅಳೆದು ತೂಗಿ ನಂಬಬೇಕು. ಆದರೆ ಹೊಗಳುಭಟರು ಕೂಡ ಈ ಯುದ್ಧದ ಬೀಜವನ್ನು ತಮ್ಮ ಕಡೆಯ ರಾಜಕುಮಾರನ ನಾಲಿಗೆಯಲ್ಲೇ ಇಟ್ಟಿದ್ದಾರಲ್ಲ, ಅದು ನನಗೆ ಹಿಡಿಸುತ್ತದೆ.

ಇನ್ನು ಡಬ್ಲಿನ್ನಿಗೆ ನಡೆಯಿರಿ. ಅಲ್ಲಿ ಮೇಲ್‌ಮೋರ್ಡನ ಸೋದರಳಿಯ ಕಾಯುತ್ತಿದ್ದಾನೆ.

ಅವನ ಹೆಸರು ಸಿಟ್ರಿಕ್, ರೇಷ್ಮೆಗಡ್ಡದವನೆಂದು ಅಡ್ಡಹೆಸರು. ಅಪ್ಪ ಡಬ್ಲಿನ್ನಿನ ವೈಕಿಂಗ್ ಅರಸ ಓಲಾಫ್ ಕುವಾರಾನ್, ತಾಯಿ ಅದೇ ಗೋರ್ಮ್ಲ. ಅಂದರೆ ಈ ವೈಕಿಂಗನ ಮೈಯಲ್ಲಿ ಅರ್ಧ ನೇಸ್ ರಕ್ತ. ತಾಯಿಯನ್ನು ಬ್ರಿಯನ್ ಕಟ್ಟಿಕೊಂಡದ್ದರಿಂದ ಬ್ರಿಯನ್ ಅವನಿಗೆ ಮಲತಂದೆ. ಬ್ರಿಯನ್ನನ ಮಗಳು ಸ್ಲಾನೆಯನ್ನು ಸಿಟ್ರಿಕ್ ಮದುವೆಯಾದದ್ದರಿಂದ ಹೆಣ್ಣು ಕೊಟ್ಟ ಮಾವನೂ ಅವನೇ. ಒಂದು ಕಡೆ ಸೋದರಮಾವ, ಇನ್ನೊಂದು ಕಡೆ ಹೆಣ್ಣು ಕೊಟ್ಟ ಮಾವ, ನಡುವೆ ಇವನು. ಕುಂಕುಮ ಇಟ್ಟು ಕರೆಯುವ ಮನೆಯಲ್ಲೇ ಕತ್ತಿ ಮಸೆಯುವ ಸಂಬಂಧ.

1013ರ ಸೆಪ್ಟೆಂಬರ್. ಡಬ್ಲಿನ್ನಿನ ಸುತ್ತ ಇನ್ನೂ ಕಲ್ಲಿನ ಗೋಡೆ ಎದ್ದಿಲ್ಲ. ಎತ್ತರದ ಮಣ್ಣಿನ ಏರಿ, ಅದರ ನೆತ್ತಿಯಲ್ಲಿ ಮರದ ಗೂಟಗಳ ಬೇಲಿ, ಅದೇ ಕೋಟೆ. ನೀವು ನಿಮ್ಮ ಅರಸನ ಕಡೆಯ ಆಳಾಗಿ ಒಳಗಿದ್ದೀರಿ. ಒಳಗೆ ಕಡ್ಡಿ ಹೆಣೆದ ತಟ್ಟಿಗೋಡೆಯ, ಹುಲ್ಲು ಹೊದಿಸಿದ ಮನೆಗಳು ಒತ್ತೊತ್ತಾಗಿ ನಿಂತಿವೆ. ಮನೆಯ ನಟ್ಟನಡುವೆ ಒಲೆ, ಎರಡೂ ಪಕ್ಕ ಮಲಗುವ ಜಗಲಿ, ಹಿತ್ತಿಲಲ್ಲಿ ಪಾಯಿಖಾನೆಯ ಗುಂಡಿ. ಕೆಸರಿನ ಮೇಲೆ ನಡೆಯಲೆಂದು ತಟ್ಟಿಗಳನ್ನೇ ಹಾಸಿದ್ದಾರೆ. ಒಬ್ಬ ಜಿಂಕೆಕೊಂಬನ್ನು ಗರಗಸದಲ್ಲಿ ಸೀಳಿ ಬಾಚಣಿಗೆ ಮಾಡುತ್ತಾನೆ. ಆ ಪುಡಿಯ ಕಮಟು, ಮೀನಿನ ನಾತ, ಹೊಗೆ, ಎಲ್ಲ ಸೇರಿ ಊರಿನ ಉಸಿರು. ಕಾಲಿಗೆ ಸಿಗುವುದು ಹೇಝಲ್ ಕಾಯಿಯ ಸಿಪ್ಪೆ, ಮಳಿಯ ಚಿಪ್ಪು. ಇದು ನನ್ನ ಕಲ್ಪನೆಯಲ್ಲ. 1974ರಿಂದ 1981ರ ತನಕ ವುಡ್ ಕೀ ಮತ್ತು ಫಿಶಾಂಬಲ್ ಬೀದಿಯಲ್ಲಿ ನಡೆದ ಉತ್ಖನನದಲ್ಲಿ ಒದ್ದೆ ಮಣ್ಣು ಇದನ್ನೆಲ್ಲ ಕೊಳೆಯದಂತೆ ಕಾಪಾಡಿಟ್ಟುಕೊಂಡು ಕೊಟ್ಟಿತು. ಅಲ್ಲಿ ಪಾಲಿಕೆಯ ಕಚೇರಿ ಕಟ್ಟಬೇಡಿರೆಂದು 1978ರಲ್ಲಿ ಸಾವಿರಾರು ಜನ ಬೀದಿಗಿಳಿದರು. ಕಚೇರಿ ಎದ್ದಿತು.

ಬೇಲಿಯ ಸಂದಿನಿಂದ ಹೊರಗೆ ನೋಡಿ. ಪಡುವಣದಲ್ಲಿ, ಲಿಫಿ ನದಿಯ ದಂಡೆಯ ಕಿಲ್‌ಮೇನಮ್ ಕಡೆ, ಬ್ರಿಯನ್ನನ ಪಾಳೆಯದ ಹೊಗೆ. ಮರೋ ಗ್ಲೆಂಡಲಾಕ್ ತನಕ ಲೆನ್ಸ್ಟರನ್ನು ಸುಟ್ಟು, ದನ ಹೊಡೆದುಕೊಂಡು, ಆಳುಗಳನ್ನು ಸೆರೆಹಿಡಿದು ಇಲ್ಲಿಗೆ ಬಂದು ಅಪ್ಪನನ್ನು ಕೂಡಿಕೊಂಡಿದ್ದಾನೆ. ಸುಟ್ಟದ್ದು ನಿಮ್ಮ ಸೀಮೆ. ನಿಮ್ಮ ಹಟ್ಟಿಯ ದನವೂ ಆ ಹಿಂಡಿನಲ್ಲಿ ಇದ್ದೀತು. ಸೆಪ್ಟೆಂಬರ್ 9ರ ಸಂತ ಕಿಯಾರನ್ ಹಬ್ಬದಿಂದ ಅವರು ಅಲ್ಲೇ ಕೂತಿದ್ದಾರೆ. ಬಾ ಹೊರಗೆ ಎನ್ನಲು ಬಾಯೇ ಬೇಕೆಂದಿಲ್ಲ. ಹೊಲಕ್ಕೆ ಇಟ್ಟ ಬೆಂಕಿ ಹೇಳುತ್ತದೆ.

ಸಿಟ್ರಿಕ್ ಬಾಗಿಲು ತೆರೆಯುವುದಿಲ್ಲ.

ಅದೇ ವರ್ಷ ಅವನು ದೂರದ ಕಾರ್ಕಿಗೆ ಹಡಗುಪಡೆ ಕಳುಹಿಸಿದ್ದ. ಊರನ್ನು ಸುಟ್ಟರೂ ಪಡೆ ಸೋತಿತು, ಅವನ ಮಗ ಓಲಾಫ್ ಅಲ್ಲೇ ಸತ್ತ. ಮಗನನ್ನು ಕಳೆದುಕೊಂಡವನು, ಬಾಗಿಲಲ್ಲೇ ಶತ್ರು ಕೂತಿರುವವನು, ವೈಕಿಂಗ್ ರಕ್ತದವನು, ಸೋದರಮಾವನ ಕಣ್ಣೆದುರಿಗೆ ಇರುವವನು. ಹೊರಗೆ ನುಗ್ಗಲು ಇನ್ನೇನು ಬೇಕು? ನಿಮ್ಮ ಪಕ್ಕದ ಹುಡುಗರು ದಿನಾ ಇದನ್ನೇ ಕೇಳುತ್ತಾರೆ. ನೀವು ಗುಂಡಿ ಕಿತ್ತದ್ದನ್ನು ಕಂಡವರು, ಸುಮ್ಮನಿರುತ್ತೀರಿ.

ಉತ್ತರ ಗ್ಲೆನ್‌ಮಾಮದಲ್ಲಿದೆ. 999ರ ಡಿಸೆಂಬರ್ ಕೊನೆಯಲ್ಲಿ ಡಬ್ಲಿನ್ನಿನವರೂ ಲೆನ್ಸ್ಟರಿನವರೂ ಬಯಲಿಗೆ ಬಂದು ಬ್ರಿಯನ್ನನನ್ನು ಎದುರಿಸಿ ಪುಡಿಯಾದರು. ಹೊಸ ವರ್ಷಕ್ಕೆ ಬ್ರಿಯನ್ ಡಬ್ಲಿನ್ನಿಗೆ ನುಗ್ಗಿ ಕೊಳ್ಳೆ ಹೊಡೆದು ಕೋಟೆಗೆ ಬೆಂಕಿಯಿಟ್ಟ. ಸಿಟ್ರಿಕ್ ಉತ್ತರಕ್ಕೆ ಓಡಿ ಅರಸರ ಬಾಗಿಲು ತಟ್ಟಿದ. ಯಾರೂ ಆಸರೆ ಕೊಡಲಿಲ್ಲ. ಮರಳಿ ಬಂದು ಒತ್ತೆಯಾಳುಗಳನ್ನು ಒಪ್ಪಿಸಿ ಕಾಲಿಗೆ ಬಿದ್ದ. ಆಮೇಲೆ ಬಂದದ್ದು ಮದುವೆ. ಒಮ್ಮೆ ಬಯಲಿಗಿಳಿದು ಎಲ್ಲವನ್ನೂ ಕಳೆದುಕೊಂಡವನು ಅವನು. ಮೇಲ್‌ಮೋರ್ಡ ಅದೇ ಸೋಲಿನಿಂದ ಹೊತ್ತು ತಂದದ್ದು ಅವಮಾನವನ್ನು. ಸಿಟ್ರಿಕ್ ತಂದದ್ದು ಲೆಕ್ಕವನ್ನು. ಲೆಕ್ಕ ಅವನಿಗೆ ಒಗ್ಗಿದ ಕಸುಬು ಕೂಡ. 997ರ ಸುಮಾರಿಗೆ, ಐರ್ಲೆಂಡಿನಲ್ಲೇ ಮೊದಲ ಬಾರಿಗೆ, ಇಂಗ್ಲೆಂಡಿನ ಎಥೆಲ್ರೆಡ್ ದೊರೆಯ ಬೆಳ್ಳಿ ಪೆನ್ನಿಯನ್ನು ನೋಡಿ ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿದವನು ಅವನೇ.

ಬೆನ್ನಿಗೆ ಕಡಲಿದೆ. ಹೊರಗಿನವರು ಉಣ್ಣಬೇಕಾದದ್ದು ತಾವೇ ಸುಟ್ಟ ನೆಲದಿಂದ. ತಿಂಗಳು ಕಳೆದಂತೆ ಮಳೆ ಹಿಡಿಯುತ್ತದೆ, ಹಗಲು ಕುಗ್ಗುತ್ತದೆ, ಪಾಳೆಯದ ಹೊಗೆ ತೆಳುವಾಗುತ್ತದೆ. ಕ್ರಿಸ್ಮಸ್ ಹೊತ್ತಿಗೆ ದಿನಸಿ ತೀರಿ ಬ್ರಿಯನ್ ಗಂಟುಮೂಟೆ ಕಟ್ಟುತ್ತಾನೆ. ಮೂರೂವರೆ ತಿಂಗಳು ಕೂತು ಬರಿಗೈ.

ಇದೇ ತಲೆಮಾರಿನಲ್ಲಿ ನಮ್ಮಲ್ಲಿ, ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿ, ರನ್ನ 'ಗದಾಯುದ್ಧ' ಬರೆದ. ವೈಶಂಪಾಯನ ಕೊಳದ ತಳದಲ್ಲಿ ಕೂತಿದ್ದ ದುರ್ಯೋಧನ ರಾತ್ರಿಯೊಂದು ಕಳೆದರೆ ಉಳಿಯುತ್ತಿದ್ದ. ದಡದಲ್ಲಿ ನಿಂತ ಭೀಮನ ಮೂದಲಿಕೆಗೆ ತಡೆಯಲಾರದೆ ಮೇಲೆದ್ದು ಬಂದು ತೊಡೆ ಮುರಿಸಿಕೊಂಡ. ಕನ್ನಡದ ಓದುಗರು ಸಾವಿರ ವರ್ಷದಿಂದ ಆ ಏಳುವಿಕೆಗೆ ಮೈನವಿರೇಳಿಸಿಕೊಂಡಿದ್ದಾರೆ. ನಾನೂ. ಆದರೆ ಡಬ್ಲಿನ್ನಿನ ಮಣ್ಣೇರಿಯ ಮೇಲೆ ನಿಂತಾಗ ಕೊಳದಿಂದ ಏಳದೆ ಕೂತವನ ಬಗ್ಗೆ ಯಾವ ಕವಿಯೂ ಕಾವ್ಯ ಬರೆಯುವುದಿಲ್ಲ ಎಂಬುದು ಹೊಳೆಯುತ್ತದೆ.

ಚಳಿಗಾಲದಲ್ಲಿ ಸಿಟ್ರಿಕ್ ಕೈಕಟ್ಟಿ ಕೂರಲಿಲ್ಲ. ಹಡಗು ಹತ್ತಿ ಆರ್ಕ್ನಿ ದ್ವೀಪಗಳ ಒಡೆಯ ಜಾರ್ಲ್ ಸಿಗುರ್ದನ ಬಳಿಗೂ ಮ್ಯಾನ್ ದ್ವೀಪದ ಕಡೆಯಿದ್ದ ವೈಕಿಂಗ್ ಮುಂದಾಳು ಬ್ರೋದಿರನ ಬಳಿಗೂ ಹೋದ. ಐಸ್ಲೆಂಡಿನ ನ್ಯಾಲ್ ಸಾಗಾ ಹೇಳುವಂತೆ, ಗೆದ್ದರೆ ಐರ್ಲೆಂಡಿನ ಪಟ್ಟ, ಜೊತೆಗೆ ತನ್ನ ತಾಯಿ ಗೋರ್ಮ್ಲಳ ಕೈ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಮಾತು ಕೊಟ್ಟ. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೆ ಹೇಳಲಿಲ್ಲ. ಹೊಡೆದಾಟಕ್ಕೆ ಹೊರಡದವನೆಂದರೆ ಸಾಧು ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು.

1014ರ ಏಪ್ರಿಲ್. ಬ್ರಿಯನ್ ಮತ್ತೆ ಬಂದಿದ್ದಾನೆ. ಈ ಸಲ ಹೊಗೆ ಏಳುವುದು ಲಿಫಿಯ ಬಡಗು ದಡದ ಫಿಂಗಲ್ ಹೊಲಗಳಿಂದ, ಹೌತ್ ತನಕ. ಅದು ಡಬ್ಲಿನ್ನಿನವರದೇ ಉಣ್ಣುವ ನೆಲ. ಹಡಗುಗಳಿಂದ ಇಳಿದ ಪರವೂರ ಯೋಧರಿಗೆ ಕಾಯುವ ಅಭ್ಯಾಸವಿಲ್ಲ. ಮೇಲ್‌ಮೋರ್ಡನಿಗಂತೂ ಇಲ್ಲ. ಏಪ್ರಿಲ್ 23, ಗುಡ್ ಫ್ರೈಡೆಯ ನಸುಕಿನಲ್ಲಿ ಅವರು ಕ್ಲಾಂಟಾರ್ಫ್ ಬಯಲಿಗೆ ಹೊರಡುತ್ತಾರೆ. ಸಿಟ್ರಿಕನ ಸೋದರ ದುವ್‌ಗಲ್ ಹೋಗುತ್ತಾನೆ. ನಿಮ್ಮ ಅರಸ ಹೋಗುತ್ತಾನೆ, ನಿಮ್ಮ ಜೊತೆ ಕಂಬ ಹೊತ್ತವರು ಹೋಗುತ್ತಾರೆ. ಊರು ಕಾಯಲು ಕೆಲವರು ಉಳಿಯಬೇಕು. ನೀವು ಉಳಿದವರಲ್ಲೊಬ್ಬರು. ಸಿಟ್ರಿಕ್ ಇನ್ನೊಬ್ಬ.

ಏರಿಯ ಮೇಲೆ ಅವನು ನಿಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಸ್ಲಾನೆ, ಅಲ್ಲಿ ಯಾರ ಕಡೆಯವರು ಎದುರಾಳಿಗಳೋ ಆ ಬ್ರಿಯನ್ನನ ಮಗಳು. ಈಶಾನ್ಯಕ್ಕೆ, ಕೊಲ್ಲಿಯ ಅಂಚಿನಲ್ಲಿ, ಕಾಳಗ ಒಂದು ಕದಲುವ ಗೆರೆಯಂತೆ ಕಾಣುತ್ತದೆ. ಲೋಹ ಮಿಂಚುತ್ತದೆ. ಗಾಳಿ ಈ ಕಡೆ ಬೀಸಿದಾಗ ಮಾತ್ರ ಸದ್ದು. ಮಧ್ಯಾಹ್ನದ ಹೊತ್ತಿಗೆ ಸಿಟ್ರಿಕ್ ಹುರುಪಿನಲ್ಲಿ ನಮ್ಮವರು ಹೊಲ ಕೊಯ್ಯುವುದನ್ನು ನೋಡು, ಸಿವುಡು ಸಿವುಡಾಗಿ ಬೀಳಿಸುತ್ತಿದ್ದಾರೆ ಎನ್ನುತ್ತಾನೆ. ಸ್ಲಾನೆ ಸಂಜೆಗೆ ನೋಡೋಣ ಎಂದಷ್ಟೇ ಹೇಳುತ್ತಾಳೆ.

ಸಂಜೆ ಉಬ್ಬರ ಬರುತ್ತದೆ. ಬೆಳಿಗ್ಗೆ ನೀರು ತುಂಬಿದ್ದಾಗ ದಡಕ್ಕೆ ಹತ್ತಿರ ನಿಲ್ಲಿಸಿದ್ದ ಹಡಗುಗಳು ಈಗ ಕೈಗೆಟುಕುವುದಿಲ್ಲ. ಹಿಮ್ಮೆಟ್ಟಿದವರಿಗೆ ಮುಂದೆ ಕತ್ತಿ, ಹಿಂದೆ ಏರುವ ಕಡಲು. 19ನೆಯ ಶತಮಾನದಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸ್ಯಾಮ್ಯುಯೆಲ್ ಹಾಟನ್ ಆ ದಿನದ ಉಬ್ಬರವನ್ನು ಗಣಿತ ಮಾಡಿ ನೋಡಿದ: ಬೆಳಿಗ್ಗೆ ಐದೂವರೆಯ ಸುಮಾರು ಒಮ್ಮೆ, ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಇನ್ನೊಮ್ಮೆ. ಉತ್ಪ್ರೇಕ್ಷೆಯೇ ತುಂಬಿದ ಹಳೆಯ ಕಥನ ನೀರಿನ ವಿಷಯದಲ್ಲಿ ಮಾತ್ರ ನಿಜ ಹೇಳಿತ್ತು.

ಜನ ನೀರಿಗೆ ನುಗ್ಗುವುದು ಏರಿಯ ಮೇಲಿಂದ ಕಾಣುತ್ತದೆ. ಸ್ಲಾನೆ ಬಾಯಿ ತೆರೆಯುತ್ತಾಳೆ. ನಿಮ್ಮವರು ತಮ್ಮ ಪಿತ್ರಾರ್ಜಿತಕ್ಕೆ, ಕಡಲಿಗೆ, ಓಡುತ್ತಿದ್ದಾರಲ್ಲ. ಸೆಕೆಗೆ ಹುಚ್ಚೆದ್ದ ದನಗಳೇನೋ ಎಂದರೆ ಹಾಲು ಕರೆಯಲೂ ನಿಲ್ಲುತ್ತಿಲ್ಲವಲ್ಲ ಎಂದು. ಬೇಸಿಗೆಯಲ್ಲಿ ನೊಣ ಮುತ್ತಿದ ಹಸು ಬಾಲ ಎತ್ತಿ ಕೆರೆಗೆ ಓಡುವುದನ್ನು ಕಂಡವರಿಗೆ ಈ ಏಟು ಎಲ್ಲಿ ಬಿತ್ತೆಂದು ಗೊತ್ತು. ಏರಿಯ ಮೇಲಿದ್ದವರಿಗೂ ಗೊತ್ತು. ಒಬ್ಬಿಬ್ಬರ ತುಟಿ ನಡುಗುತ್ತದೆ.

ಸಿಟ್ರಿಕ್ ಕೈಯೆತ್ತಿ ಅವಳ ಬಾಯಿಗೆ ಹೊಡೆಯುತ್ತಾನೆ. ಹಲ್ಲು ಮುರಿಯುತ್ತದೆ.

ಮೂರೂವರೆ ತಿಂಗಳ ಮುತ್ತಿಗೆಗೆ ಅಲುಗದವನು, ಮಗ ಸತ್ತರೂ ಬಾಗಿಲು ತೆರೆಯದವನು, ಇಡೀ ಹಗಲು ತನ್ನವರು ಸಾಯುವುದನ್ನು ನೋಡುತ್ತ ನಿಂತವನು, ಹೆಂಡತಿಯ ಒಂದು ಮಾತಿಗೆ ಕೈ ಎತ್ತಿದ. ತಿರುಗಿ ಹೊಡೆಯದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಯಾವ ಸಂಯಮ? ಕಥೆ ಬರೆದವನು ಇದನ್ನು ಅವನ ಹೇಡಿತನಕ್ಕೆ ಸಾಕ್ಷಿಯಾಗಿ ಬರೆದ. ನನಗೆ ಇದರಲ್ಲಿ ಹೇಡಿಗಿಂತ ಲೆಕ್ಕಗಾರ ಹೆಚ್ಚು ಕಾಣುತ್ತಾನೆ, ಮತ್ತು ಲೆಕ್ಕಗಾರನ ಬಗ್ಗೆ ನನ್ನ ಮೆಚ್ಚುಗೆ ಆ ಹಲ್ಲಿನ ತನಕ ಮಾತ್ರ.

ಏರಿಯಿಂದ ಕಾಣದ ಒಂದು ಸಂಗತಿಯನ್ನು ಸಾಗಾದವನು ಹೇಳುತ್ತಾನೆ. ಸಿಗುರ್ದನ ಕಡೆಯವರು ಓಡುವಾಗ ಥೋರ್‌ಸ್ಟೈನ್ ಎಂಬ ಐಸ್ಲೆಂಡಿನ ಯೋಧ ಮಾತ್ರ ನಿಂತು ಕೆರದ ದಾರ ಕಟ್ಟಿಕೊಳ್ಳುತ್ತಿದ್ದ. ಅಟ್ಟಿಸಿಕೊಂಡು ಬಂದವನು ನೀನೇಕೆ ಓಡುವುದಿಲ್ಲ ಎಂದಾಗ ಮನೆ ಐಸ್ಲೆಂಡಿನಲ್ಲಿದೆ, ಇವತ್ತು ರಾತ್ರಿಯೊಳಗೆ ಮುಟ್ಟುವುದಿಲ್ಲ ಎಂದನಂತೆ. ಅವನಿಗೆ ಜೀವದಾನ ಸಿಕ್ಕಿತು. ಆ ದಿನ ಕತ್ತಿ ಎತ್ತದೆ ಗೆದ್ದವನು ಅವನೊಬ್ಬನೇ ಇರಬೇಕು.

ಕತ್ತಲಾದ ಮೇಲೆ ಸುದ್ದಿ ಬರುತ್ತದೆ. ಮೇಲ್‌ಮೋರ್ಡ ಸತ್ತ. ಯೂ ಮರದ ಮಾತಾಡಿದ ಮರೋ ಸತ್ತ. ಮರೋನ ಹದಿಹರೆಯದ ಮಗ ಉಬ್ಬರದ ನೀರಿನಲ್ಲಿ ಮುಳುಗಿದ. ಸಿಗುರ್ದ್ ಸತ್ತ, ದುವ್‌ಗಲ್ ಸತ್ತ. ಎಪ್ಪತ್ತು ದಾಟಿದ ಬ್ರಿಯನ್ನನನ್ನು ಅವನ ಗುಡಾರದಲ್ಲೇ ಬ್ರೋದಿರ್ ಕೊಂದ. ಪರದೇಶಿಗಳ ಕಡೆ ಸತ್ತವರು, ಮುಳುಗಿದವರು 6,000 ಎನ್ನುತ್ತದೆ ಅಲ್ಸ್ಟರ್ ವೃತ್ತಾಂತ. ಆ ಕಾಲದ ಅಂಕಿ, ದೊಡ್ಡದು ಎಂದಷ್ಟೇ ಓದಿಕೊಳ್ಳಿ. ಕಂಬ ಹೊತ್ತ ನಿಮ್ಮ ಸಾಲಿನ ಎಷ್ಟು ಹೆಗಲು ಮರಳಲಿಲ್ಲವೋ, ಅದನ್ನು ನೀವು ಊರಿಗೆ ಹೋಗಿ ಹೇಳಬೇಕು.

ಇನ್ನೊಂದು ಕೆಣಕು ಬಾಕಿಯಿದೆ. ಕಾಳಗದ ದಿನ ಲೆನ್ಸ್ಟರನ್ನು ದೋಚಲು ಹೋಗಿದ್ದ ಬ್ರಿಯನ್ನನ ಇನ್ನೊಬ್ಬ ಮಗ ಡೊನಖ ಈಸ್ಟರ್ ಭಾನುವಾರ ಮರಳಿ ಬಂದು, ಹೊಡೆದು ತಂದ ಎತ್ತುಗಳನ್ನು ಡಬ್ಲಿನ್ನಿನ ಮುಂದಿನ ಬಯಲಿನಲ್ಲೇ, ಏರಿಯವರ ಕಣ್ಣಳತೆಯಲ್ಲಿ, ಕಡಿಸುತ್ತಾನೆ. ನಿಮ್ಮ ಪಕ್ಕದವರು ಗುರುಗುಟ್ಟುತ್ತಾರೆ, ಎತ್ತುಗಳಿಗಾಗಿ ಹೊರಗೆ ಬರುತ್ತೇವೆ ಎಂದು ಬೆದರಿಸುತ್ತಾರೆ. ಬನ್ನಿ ಎನ್ನುತ್ತಾನೆ ಡೊನಖ. ಯಾರೂ ಹೋಗುವುದಿಲ್ಲ. ಹೊರಗಿರುವವರು ದಣಿದ, ಗಾಯಗೊಂಡ, ಅರಸನಿಲ್ಲದ ಸೈನ್ಯ. ಎರಡು ದಿನದಲ್ಲಿ ತಾವಾಗಿಯೇ ಹೊರಟು ಹೋಗುವವರು. ಹೋದರು ಕೂಡ.

ಐರಿಷ್ ಕಥನ ಸಿಟ್ರಿಕನನ್ನು ಏರಿಯ ಮೇಲೆ ನಿಲ್ಲಿಸಿ ನಕ್ಕಿತು. ಐಸ್ಲೆಂಡಿನ ಸಾಗಾ ಅವನನ್ನು ಬಯಲಿಗಿಳಿಸಿ ಓಡಿಸಿ ನಕ್ಕಿತು. ಅವನು ಮುಂದೆ 22 ವರ್ಷ, 1036ರ ತನಕ, ಡಬ್ಲಿನ್ ಆಳಿದ. 1028ರಲ್ಲಿ ರೋಮಿಗೆ ಯಾತ್ರೆ ಹೋಗಿ ಬಂದ. 1030ರ ಸುಮಾರಿಗೆ ಬಿಷಪ್ ದುನಾನನ ಜೊತೆಗೂಡಿ ಕ್ರೈಸ್ಟ್ ಚರ್ಚ್ ಸ್ಥಾಪಿಸಿದ. ಇಂದಿನ ಡಬ್ಲಿನ್ನಿಗೆ ಹೋದವರು ಆ ಚರ್ಚಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ.

ನೇಸ್ ಕಡೆಯವರಾದ ನಿಮಗೆ ಅವನನ್ನು ನೆನೆಯಲು ಬೇರೆ ಕಾರಣವಿದೆ. ಕ್ಲಾಂಟಾರ್ಫ್ ಆಗಿ ಎರಡು ವರ್ಷಕ್ಕೆ ಮೇಲ್‌ಮೋರ್ಡನ ಮಗ ಬ್ರಾನ್ ಲೆನ್ಸ್ಟರಿನ ಅರಸನಾದ. ಗೋರ್ಮ್ಲ ಬೆಂಕಿಯ ಮುಂದೆ ನಿಂತು ಯಾರ ಮರ್ಯಾದೆಯ ಬಗ್ಗೆ ಅಣ್ಣನನ್ನು ಕೆಣಕಿದ್ದಳೋ, ಅದೇ ಮನೆಯ ಕುಡಿ. 1018ರಲ್ಲಿ ಬ್ರಾನ್ ಡಬ್ಲಿನ್ನಿನಲ್ಲಿ ಸಿಟ್ರಿಕನ ಕೈಗೆ ಸಿಕ್ಕ. ಸೋದರಮಾವನ ಮಗ. ಬಯಲಿಲ್ಲ, ಸೈನ್ಯವಿಲ್ಲ, ಮೂದಲಿಸಿದವರೂ ಇಲ್ಲ. ಸಿಟ್ರಿಕ್ ಅವನ ಎರಡೂ ಕಣ್ಣು ಕೀಳಿಸಿದ. ಕುರುಡನಿಗೆ ಪಟ್ಟ ಸಲ್ಲದು. ಲೆನ್ಸ್ಟರಿನ ಗದ್ದುಗೆ ಬೇರೆಯವರಿಗೆ ಹೋಯಿತು. ಸಿಟ್ರಿಕ್ ಪಟ್ಟ ಕಳೆದುಕೊಂಡು 1042ರಲ್ಲಿ ಸತ್ತ. ಬ್ರಾನ್ ಅವನಿಗಿಂತ ಹತ್ತು ವರ್ಷ ಹೆಚ್ಚು ಬದುಕಿ, ನೇಸ್‌ನಿಂದ ಬಹುದೂರದ ಜರ್ಮನಿಯ ಕೊಲೋನ್ ಪಟ್ಟಣದಲ್ಲಿ 1052ರಲ್ಲಿ ತೀರಿಕೊಂಡ.